ಅಳಿಸದ ವಿಭೂತಿ

೧೯೫೯ರ ಬೇಸಗೆಯಲ್ಲಿ ನಾನು ಮೈಸೂರಿನ ಮಂಡಿ ಮೊಹಲ್ಲಾದ ಅಂಚಿನಲ್ಲಿದ್ದ ಒಂದು ಧರ್ಮಾರ್ಥ ದಂತ ಚಿಕಿತ್ಸಾಲಯಕ್ಕೆ ಇದ್ದ ಒಬ್ಬನೇ ವೈದ್ಯ. ಮುಂಬಯಿಯಲ್ಲಿ ಓದು ಮುಗಿಸಿ ಬಂದು ಎರಡು ವರ್ಷವಾಗಿತ್ತು. ವಯಸ್ಸು ಇಪ್ಪತ್ತೇಳು. ಚಿಕಿತ್ಸಾಲಯವೆಂದರೆ ಸೀಮೆಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ, ಒಂದು ಕಬ್ಬಿಣದ ಕುರ್ಚಿ, ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿದು ತಿರುಗಿಸಬೇಕಾದ ಡ್ರಿಲ್ಲು, ಮತ್ತು ಆಯಾ ನಿಂಗಮ್ಮ.

ನಿಂಗಮ್ಮ ನಂಜನಗೂಡಿನ ಕಡೆಯ ಒಕ್ಕಲು ಮನೆತನದಿಂದ ಬಂದ ಐವತ್ತರ ಹೆಂಗಸು. ಉಪಕರಣಗಳನ್ನು ಕುದಿಸುವುದು, ರೋಗಿಗಳನ್ನು ಸರದಿಯಲ್ಲಿ ಕೂರಿಸುವುದು, ಹೆದರಿದವರನ್ನು ಗದರಿಸುವುದು ಅವರ ಕೆಲಸ. "ಬಾಯ್ ಅಗಲಿಸಪ್ಪಾ, ಡಾಕ್ಟ್ರು ಒಳಕ್ಕೇನ್ ಬೀಳಾಕಿಲ್ಲ" ಎಂದು ಅವರು ಹೇಳಿದರೆ ಎಂಥ ಪೈಲ್ವಾನನೂ ನಕ್ಕು ಬಾಯಿ ತೆರೆಯುತ್ತಿದ್ದ. ರೋಗಿಗಳ ಕುತ್ತಿಗೆಗೆ ಕಟ್ಟುತ್ತಿದ್ದ ಬಿಳಿ ಟವಲುಗಳನ್ನು ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಒಗೆದು ಹಿತ್ತಲ ತಂತಿಯ ಮೇಲೆ ಹರವುವುದೂ ಅವರೇ. ಈ ಟವಲಿನ ವಿಷಯ ಮುಂದೆ ಬರುತ್ತದೆ.

ನಲವತ್ತು ವರ್ಷಗಳ ವೃತ್ತಿಯಲ್ಲಿ ಸಾವಿರಾರು ಬಾಯಿಗಳನ್ನು ನೋಡಿದ್ದೇನೆ. ಹೆಚ್ಚಿನವು ಮರೆತುಹೋಗಿವೆ. ಆ ವರ್ಷದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಾತ್ರ ನನ್ನ ಪಾಲಿಗೆ ಇನ್ನೂ ಮುಗಿದಿಲ್ಲ. ಅದನ್ನು ಮೊದಲಿನಿಂದ ಹೇಳುತ್ತೇನೆ.

ಮಾರ್ಚ್ ತಿಂಗಳ ಮೊದಲ ವಾರ ಗುರುಮಲ್ಲಮ್ಮ ಎಂಬ ಅಜ್ಜಿ ತಮ್ಮ ಮಗಳು ಸುಂದ್ರಮ್ಮ ಮತ್ತು ಮೊಮ್ಮಗ ಮಾದೇವನೊಂದಿಗೆ ಬಂದರು. ಮಂಡಿ ಮೊಹಲ್ಲಾದಲ್ಲಿ ಅವರದು ಬೆಲ್ಲದ ಸಗಟು ವ್ಯಾಪಾರ. ಗಂಡ ತೀರಿಕೊಂಡ ಮೇಲೆ ಗುರುಮಲ್ಲಮ್ಮನೇ ಅಂಗಡಿ ನಡೆಸುತ್ತಿದ್ದರು. ಅಳಿಯ ಲಾರಿಯಲ್ಲಿ ಬೆಲ್ಲ ತರಲು ಊರೂರು ಅಲೆಯುತ್ತಿದ್ದುದರಿಂದ ಮಗಳು ಮೊಮ್ಮಗ ಇವರ ಮನೆಯಲ್ಲೇ ಇದ್ದರು. ಮೂವರ ಹಣೆಯಲ್ಲೂ ಮೂರು ಬೆರಳಿನ ವಿಭೂತಿ. ಹುಡುಗನಿಗೆ ಆರು ವರ್ಷ. ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕು.

"ಬಾಯಿ ತೋರ್ಸೋ ಮಾದು" ಎಂದರು ಅಜ್ಜಿ. ಹುಡುಗ ತುಟಿ ಬಿಗಿದುಕೊಂಡ.

"ಬೀದಿ ಹುಡುಗ್ರು ಇವನ್ನ ಬೆಕ್ಕು ಅಂತಾರೆ ಕಣ್ರೀ. ಅದಕ್ಕೇ ಯಾರ ಎದುರೂ ಬಾಯಿ ಬಿಡಾಕಿಲ್ಲ. ಅವರಪ್ಪ ಏನಂತಾನೆ ಗೊತ್ತಾ? ಮುದ್ದೆ ನುಂಗೋ ಮಗೀಗೆ ಹಲ್ಲು ಯಾಕೆ, ನುಂಗಿದ್ರೆ ಆಯ್ತಲ್ಲ, ಅಂತಾನೆ! ಅವನ ಮಾತು ಬುಡಿ. ನಾಳೆ ಇಸ್ಕೂಲಿಗೆ ಹೋಗೋ ಮಗ, ಮುದ್ದೆ ಒಂದ್ರಲ್ಲೇ ಬದುಕೋಕಾಯ್ತದಾ?"

ನಿಂಗಮ್ಮ ತಮ್ಮ ಎರಡು ಹಲ್ಲು ಉದುರಿದ ಜಾಗವನ್ನು ತೋರಿಸಿ ಹುಡುಗನನ್ನು ನಗಿಸಿದರು. ಅವನು ನಕ್ಕಾಗ ನಾನು ಬಾಯಿ ನೋಡಿದೆ.

ಆ ವಯಸ್ಸಿಗೆ ಮಕ್ಕಳ ಬಾಯಲ್ಲಿ ಇಪ್ಪತ್ತು ಹಾಲುಹಲ್ಲು ಇರಬೇಕು. ಮಾದೇವನಿಗೆ ಇದ್ದದ್ದು ಏಳು. ಮೇಲೆ ಮುಂದುಗಡೆ ಎರಡು, ಹಿಂದೆ ಎರಡು ದವಡೆಹಲ್ಲು. ಕೆಳಗೆ ಎರಡು ದವಡೆಹಲ್ಲು, ಒಂದು ಕೋರೆಹಲ್ಲು. ಉಳಿದವು ಉದುರಿದ್ದಲ್ಲ, ಹುಳುಕಾಗಿ ಕಿತ್ತದ್ದೂ ಅಲ್ಲ. ಹುಟ್ಟಲೇ ಇಲ್ಲ. ಹಲ್ಲಿಲ್ಲದ ಕಡೆ ವಸಡು ಕತ್ತಿಯ ಅಲಗಿನಂತೆ ತೆಳ್ಳಗೆ ನಿಂತಿತ್ತು. ಮುಂದಿನ ಎರಡು ಹಲ್ಲುಗಳ ತುದಿ ಅಗಲವಾಗಿರದೆ ಚೂಪಾದ ಗೂಟದಂತಿತ್ತು. ಹೀಗೆ ಹುಟ್ಟಿನಿಂದಲೇ ಕೆಲವು ಹಲ್ಲು ಮೂಡದಿರುವುದನ್ನು ಪಾರ್ಶಿಯಲ್ ಅನೊಡಾಂಶಿಯಾ ಎನ್ನುತ್ತಿದ್ದೆವು. ಗೂಟದಾಕಾರದ ಹಲ್ಲಿಗೆ ಪೆಗ್ ಟೂತ್ ಎಂದು ಹೆಸರು. ಒಂದೆರಡು ಹಲ್ಲು ಕಡಿಮೆ ಇರುವವರು ಎಷ್ಟೋ ಜನ ಸಿಗುತ್ತಾರೆ. ಹದಿಮೂರು ಹಲ್ಲು ಇಲ್ಲದ ಮಗುವನ್ನು ನಾನು ಪುಸ್ತಕದ ಹೊರಗೆ ಕಂಡದ್ದು ಅದೇ ಮೊದಲು.

ಸುಂದ್ರಮ್ಮ ಮಾತಾಡುವಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕೇಳಿಕೊಂಡು ನೋಡಿದೆ. ಅವರಿಗೂ ಮೇಲಿನ ಒಂದು ಹಲ್ಲು ಹುಟ್ಟಿರಲಿಲ್ಲ. ಅದರ ಜೊತೆಯ ಹಲ್ಲು ಅಕ್ಕಿಕಾಳಿನಷ್ಟು ಸಣ್ಣದು. ತಾಯಿಯ ಕಡೆಯಿಂದ ಬಂದದ್ದು ಎಂದು ಅವರಿಗೂ ಹೇಳಿ ಟಿಪ್ಪಣಿ ಬರೆದೆ.

ನನಗೆ ಒಳಗೊಳಗೇ ಹಿಗ್ಗು. ಇದನ್ನು ಒಪ್ಪಿಕೊಳ್ಳಬೇಕು. ಬೆಂಗಳೂರಿನಲ್ಲಿ ದಂತವೈದ್ಯರ ಸಭೆಯಲ್ಲಿ ಓದಬಹುದಾದ ಕೇಸು ತಾನಾಗಿ ಬಾಗಿಲಿಗೆ ಬಂದಿತ್ತು. ಎಕ್ಸ್‌ರೇ ತೆಗೆಸಿದೆ. ಮುಂದೆ ಬರಬೇಕಾದ ಶಾಶ್ವತ ಹಲ್ಲುಗಳ ಮೊಳಕೆ ಮೂಳೆಯೊಳಗೆ ಕಾಣಬೇಕು. ಆರು ಮಾತ್ರ ಕಂಡವು. ಹಲ್ಲುಗಳ ಚಿತ್ರ ಬರೆದೆ, ಅಳತೆ ತೆಗೆದುಕೊಂಡೆ. ನಮ್ಮ ಕೇಸ್ ಪುಸ್ತಕದಲ್ಲಿ 'ಸಾಮಾನ್ಯ ಆರೋಗ್ಯ' ಎಂಬ ಒಂದು ಅಂಕಣವಿತ್ತು. ಅಲ್ಲಿ ಎಲ್ಲರಿಗೂ ಬರೆಯುವಂತೆ 'ಚೆನ್ನಾಗಿದೆ' ಎಂದು ಬರೆದೆ. ಹುಡುಗನ ಹುಬ್ಬು ಇದ್ದೂ ಇಲ್ಲದಂತಿತ್ತು. ತಲೆಗೂದಲು ಮುಸುಕಿನ ಜೋಳದ ನೂಲಿನಂತೆ ತೆಳುವಾಗಿ, ಬುರುಡೆಯ ಚರ್ಮ ಕಾಣುವಷ್ಟು ವಿರಳವಾಗಿತ್ತು. ಇವೆಲ್ಲ ಕಣ್ಣಿಗೆ ಬಿದ್ದಿದ್ದವು. ಹಲ್ಲಿನ ಡಾಕ್ಟರಿಗೆ ಕೂದಲಿನಿಂದ ಏನಾಗಬೇಕು ಎಂದು ಸುಮ್ಮನಾದೆ.

ಆ ವಾರ ಪಠ್ಯಪುಸ್ತಕ ತೆಗೆದು ಹಲ್ಲುಗಳ ಸಂಖ್ಯೆ ಮತ್ತು ಆಕಾರದ ದೋಷಗಳ ಅಧ್ಯಾಯವನ್ನು ಓದಿದೆ. ನನ್ನ ಕೇಸಿಗೆ ಹೊಂದುವ ಸಾಲುಗಳ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಹಲ್ಲಿನ ಮಾತು ಎಲ್ಲಿ ಮುಗಿಯಿತೋ ಅಲ್ಲಿ ನನ್ನ ಪೆನ್ಸಿಲ್ಲೂ ನಿಂತಿತು.

ಹುಡುಗನಿಗೆ ಮೇಲೂ ಕೆಳಗೂ ಅಕ್ರಿಲಿಕ್‌ನ ಪುಟ್ಟ ಕಟ್ಟುಹಲ್ಲು ಮಾಡುವುದೆಂದು ತೀರ್ಮಾನಿಸಿದೆ. ದವಡೆ ಬೆಳೆದಂತೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅದಕ್ಕೆ ಮೊದಲು ಬಾಯಿಯ ಅಚ್ಚು ತೆಗೆಯಬೇಕಲ್ಲ? ಬಿಸಿನೀರಿನಲ್ಲಿ ಮೆದುವಾಗುವ ಕಾಂಪೌಂಡನ್ನು ತಟ್ಟೆಯಲ್ಲಿಟ್ಟು ಬಾಯೊಳಗೆ ಒತ್ತಿ, ಗಟ್ಟಿಯಾಗುವತನಕ ಹಿಡಿದಿರುವುದು ಅದರ ಕ್ರಮ. ಮಾರ್ಚ್ ಕೊನೆಯಲ್ಲಿ ಆ ಕೆಲಸ ಮಾಡಿದೆ. ಹೆಂಚಿನ ಕೆಳಗೆ ಕೋಣೆ ಕಾದಿತ್ತು. ನನ್ನ ಗಲ್ಲದಿಂದ ಬೆವರು ತೊಟ್ಟಿಕ್ಕಿ ಹುಡುಗನ ಟವಲಿನ ಮೇಲೆ ಬೀಳುತ್ತಿತ್ತು. ಅವನು ಮುಖ ಕೆಂಪಗೆ ಮಾಡಿಕೊಂಡು ಅಲುಗಾಡದೆ ಕೂತಿದ್ದ. ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳು ಈಗತಾನೆ ಹಚ್ಚಿದಂತಿದ್ದವು.

ಗುರುಮಲ್ಲಮ್ಮ ಅದನ್ನು ನನಗೆ ತೋರಿಸಿದರು. "ನೋಡಿದ್ರಾ ಡಾಕ್ಟ್ರೇ? ಬೆಳಿಗ್ಗೆ ಪೂಜೆ ಹೊತ್ನಾಗೆ ಹಚ್ಚಿದ ಇಬೂತಿ. ಸಂಜೇವರ್ಗೂ ಹಿಂಗೇ ಇರ್ತದೆ. ನಮ್ದೆಲ್ಲ ಹತ್ತು ಗಂಟೆಗೇ ಕರಗಿ ಕಣ್ಣಿಗಿಳೀತದೆ. ನಮ್ಮ ಮಠದ ಅಯ್ಯನೋರೇ ಅಂದ್ರು, ಈ ಮಗೀನ ಹಣೆ ಮ್ಯಾಲೆ ಶಿವ ಕೂತವ್ನೆ ಅಂತ. ಹಲ್ಲು ಕೊಡದಿದ್ರೂ ಇದೊಂದು ಕೊಟ್ಟವ್ನೆ."

"ಹಾಗಾದರೆ ನಿಮ್ಮ ಮನೆಯ ವಿಭೂತಿ ನನಗೂ ಸ್ವಲ್ಪ ಕೊಡಿ ಅಮ್ಮ. ನನ್ನದು ಒಂದು ಗಂಟೆಯೂ ನಿಲ್ಲುವುದಿಲ್ಲ" ಎಂದೆ. ಎಲ್ಲರೂ ನಕ್ಕೆವು. ರೋಗ ತನ್ನ ಹೆಸರನ್ನು ತಾನೇ ಹೇಳಿಕೊಂಡಿತ್ತು. ನಾನು ತಮಾಷೆ ಮಾಡಿದೆ.

ಏಪ್ರಿಲ್‌ನಲ್ಲಿ ಮೂರನೆಯ ಭೇಟಿ. ಮೇಣದ ಮೇಲೆ ಜೋಡಿಸಿದ ಹಲ್ಲುಗಳು ಬಾಯಿಗೆ ಸರಿಹೊಂದುತ್ತವೆಯೇ ಎಂದು ನೋಡುವ ದಿನ. ಹನ್ನೊಂದರ ಹೊತ್ತಿಗೆ ಅಜ್ಜಿ ಮೊಮ್ಮಗ ಬಿಸಿಲಿನಲ್ಲಿ ನಡೆದು ಬಂದರು. ಸರದಿ ಬರುವವರೆಗೆ ಅರ್ಧ ಗಂಟೆ ಕಾದರು. ಕುರ್ಚಿಗೆ ಹತ್ತಿಸಿ ಟವಲು ಕಟ್ಟುವಾಗ ಹುಡುಗ ತೂಕಡಿಸುತ್ತಿದ್ದ. ಕೆನ್ನೆ ಮುಟ್ಟಿದೆ. ಸುಡುತ್ತಿತ್ತು. ಮೇಣದ ಹಲ್ಲನ್ನು ಒಮ್ಮೆ ಇಟ್ಟು ತೆಗೆಯುವಷ್ಟರಲ್ಲಿ ಅವನು ತಲೆ ನೋವೆಂದು ಅತ್ತ.

"ಬೇಸಗೆ ಬಂತು ಅಂದ್ರೆ ಇವನ್ಗೆ ಹಿಂಗೇ" ಎಂದರು ಅಜ್ಜಿ. "ಸುಡು ಜ್ವರ. ಎರಡು ಮೂರು ದಿನ ಇದ್ದು ತಂತಾನೇ ಓಯ್ತದೆ. ಮನೆಗೆ ಕರ್ಕೊಂಡು ಹೋಗ್ಲಾ?"

ಆಗ ನಾನು ಆಡಿದ ಮಾತುಗಳು ಅಕ್ಷರಶಃ ನೆನಪಿವೆ. "ಕರೆದುಕೊಂಡು ಹೋಗಿ ಚೆನ್ನಾಗಿ ಕಂಬಳಿ ಹೊದಿಸಿ ಮಲಗಿಸಿ. ಮೆಣಸಿನ ಕಷಾಯ ಕೊಡಿ. ಬೆವರು ಬಿಟ್ಟರೆ ಜ್ವರ ಬಿಟ್ಟಂತೆ. ನಾಳೆಯೂ ಇದ್ದರೆ ಡಾಕ್ಟರಿಗೆ ತೋರಿಸೋಣ."

ಇದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ನನ್ನ ತಾಯಿ ನನಗೆ ಜ್ವರ ಬಂದಾಗಲೆಲ್ಲ ಹೇಳುತ್ತಿದ್ದ ಮಾತು ಅದು. ನಮ್ಮ ಕಡೆಯ ಪ್ರತಿ ಮನೆಯಲ್ಲೂ ಹೇಳುವ ಮಾತು. ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತಕ್ಕೆ ಅದರಿಂದ ಕೇಡಾಗುವುದಿಲ್ಲ. ಬಿಳಿ ಕೋಟು ಹಾಕಿದವನ ಬಾಯಿಂದ ಬಂದದ್ದರಿಂದ ಆ ದಿನ ಅದು ಔಷಧಿಯ ಚೀಟಿಯಾಯಿತು. ಗುರುಮಲ್ಲಮ್ಮ ಒಪ್ಪಿ ತಲೆಯಾಡಿಸಿ, ಹುಡುಗನನ್ನು ಸೊಂಟಕ್ಕೆ ಎತ್ತಿಕೊಂಡು ಹೊರಟರು.

ಮಧ್ಯಾಹ್ನ ಎರಡು ಗಂಟೆ. ಊಟ ಮುಗಿಸಿ ನಾನು ಮೇಜಿನ ಹಿಂದೆ ಕೂತಿದ್ದೆ. ನಿಂಗಮ್ಮ ಕೊಕ್ಕೆಗೆ ನೇತುಹಾಕಿದ್ದ ಬೆಳಗಿನ ಟವಲುಗಳನ್ನು ಒಂದೊಂದಾಗಿ ಬಕೆಟ್ಟಿಗೆ ಎಸೆಯುತ್ತಿದ್ದರು. ಸೆಕೆ ಹೇಗಿತ್ತೆಂದರೆ ಅವು ಹಿಂಡಬಹುದಾದಷ್ಟು ಒದ್ದೆ. ಒಂದನ್ನು ಮಾತ್ರ ಕೈಯಲ್ಲಿ ಹಿಡಿದು ಅವರು ನಿಂತರು.

"ಈ ಬೆಲ್ಲದ ಅಜ್ಜಿ ಮೊಮ್ಮಗಂದು ಒಗೆಯೋದೇ ಬೇಡ ಬುಡಿ" ಎಂದರು. "ಓದ್ ಸಲಾನೂ ಹಿಂಗೇ. ನಿಮ್ ಬೆವರು ನಾಕ್ ತೊಟ್ಟು ಬಿದ್ದಿತ್ತಲ್ಲ, ಅಷ್ಟೇಯ. ಈ ಸಲ ಅದೂ ಇಲ್ಲ. ಕತ್ತಿನ ಸುತ್ತ ಮುಟ್ಟಿ ನೋಡಿ, ಪೆಟ್ಟಿಗೆಯಿಂದ ತೆಗೆದಂಗೈತೆ. ಜ್ವರ ಬಂದ ಮಗ, ಬಿಸಿಲಾಗೆ ನಡ್ಕೊಂಡ್ ಬಂದದೆ. ಒಂದ್ ತೊಟ್ಟು ಬೆವರು ಬ್ಯಾಡ್ವಾ?"

ನಾನು ಟವಲು ಮುಟ್ಟಿದೆ. ಗರಿಗರಿಯಾಗಿ ಒಣಗಿತ್ತು. ಅದರ ಅಂಚಿನಲ್ಲಿ ವಿಭೂತಿಯ ಒಂದು ಕಣವೂ ಇರಲಿಲ್ಲ.

ಮೇಜಿನ ಮೇಲೆ ಪುಸ್ತಕವಿತ್ತು. ಕೆಂಪು ಗೆರೆ ನಿಂತ ಜಾಗದಿಂದ ಮುಂದಕ್ಕೆ ಓದಿದೆ. ಒಂದು ಸಣ್ಣ ಪ್ಯಾರಾ, ಅಷ್ಟೆ. ಗರ್ಭದಲ್ಲಿ ಶಿಶುವಿನ ಹೊರಪದರದಿಂದ ಚರ್ಮ, ಕೂದಲು, ಉಗುರು, ಬೆವರಿನ ಗ್ರಂಥಿಗಳು ರೂಪುಗೊಳ್ಳುತ್ತವೆ. ಹಲ್ಲಿನ ಮೇಲಿನ ಹೊಳಪಿನ ಕವಚವೂ ಅದೇ ಪದರದ್ದು. ಆ ಪದರಕ್ಕೆ ಎಕ್ಟೋಡರ್ಮ್ ಎಂದು ಹೆಸರು. ಅದೇ ದೋಷಪಟ್ಟಾಗ ಹಲ್ಲು ಹುಟ್ಟುವುದಿಲ್ಲ, ಹುಟ್ಟಿದರೆ ಗೂಟದಂತಿರುತ್ತದೆ, ಕೂದಲು ವಿರಳವಾಗುತ್ತದೆ. ಮತ್ತು ಇಂಥ ಮಕ್ಕಳಿಗೆ ಬೆವರು ಬರುವುದಿಲ್ಲವಾದ್ದರಿಂದ ಇವರು ತಾಪವನ್ನು ತಾಳಲಾರರು.

ಮನುಷ್ಯನ ಮೈ ಮಣ್ಣಿನ ಹೂಜಿಯ ಹಾಗೆ. ನೀರು ಜಿನುಗಿದರೆ ತಣ್ಣಗಿರುತ್ತದೆ. ಮಾದೇವನದು ಹಿತ್ತಾಳೆಯ ತಂಬಿಗೆ. ಅದನ್ನು ಕಂಬಳಿಯಲ್ಲಿ ಸುತ್ತಿಡಿ ಎಂದು ನಾನು ಹೇಳಿ ಎರಡೂವರೆ ಗಂಟೆಯಾಗಿತ್ತು.

ಥರ್ಮಾಮೀಟರ್ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದೆ. ಮನೆ ಎಲ್ಲೆಂದು ಸರಿಯಾಗಿ ಗೊತ್ತಿರಲಿಲ್ಲ. ಬೆಲ್ಲದ ಮಂಡಿಗಳ ಸಾಲಿನಲ್ಲಿ ಗಾಡಿಗಳು ಅಡ್ಡಡ್ಡ ನಿಂತಿದ್ದವು. ಸೋಡಾ ಅಂಗಡಿಯ ಸಾಬರೊಬ್ಬರನ್ನು ಕೇಳಿದೆ.

"ಮಾದೂ ಅಜ್ಜಿ ಮನೇನಾ? ಆ ಹಸಿರು ಬಾಗ್ಲು ಸಾಹೇಬ್ರೆ. ಏನ್ ಇಷ್ಟೊಂದು ಅವಸರ? ಹಲ್ಲು ಓಡಿಹೋಯ್ತಾ?" ಎಂದು ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಹಸಿರು ಬಾಗಿಲು ಮುಚ್ಚಿತ್ತು. ಬಡಿದೆ. ಸುಂದ್ರಮ್ಮ ತೆರೆದರು. ನಡುಮನೆಯ ಪಕ್ಕದ ಕೋಣೆಗೆ ಗಾಳಿಯಾಡದಂತೆ ಕಿಟಕಿಗೆ ಗೋಣಿ ತುರುಕಿದ್ದರು. ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ. ಚಾಪೆಯ ಮೇಲೆ ಎರಡು ಕರಿಕಂಬಳಿಗಳ ಕೆಳಗೆ ಹುಡುಗ. ಗುರುಮಲ್ಲಮ್ಮ ಪಕ್ಕದಲ್ಲಿ ಕೂತು ಕಂಬಳಿಯ ಅಂಚನ್ನು ಒತ್ತಿ ಹಿಡಿದಿದ್ದರು. ಅವರ ಹಣೆಯ ವಿಭೂತಿ ಕರಗಿ ಹುಬ್ಬು ದಾಟಿತ್ತು. ರವಿಕೆ ಬೆನ್ನಿಗೆ ಅಂಟಿತ್ತು.

"ಬಂದ್ರಾ ಡಾಕ್ಟ್ರೇ? ನೀವ್ ಏಳ್ದಂಗೇ ಮಾಡಿವ್ನಿ. ಬೆವರೇ ಬುಡ್ತಿಲ್ಲ. ಇನ್ನೊಂದು ಕಂಬಳಿ ತರ್ಸಾನ ಅಂತಿದ್ದೆ."

ಹುಡುಗನ ಕಣ್ಣು ಅರೆ ತೆರೆದು ಮೇಲಕ್ಕೆ ಸಿಕ್ಕಿಕೊಂಡಿತ್ತು. ಒಂದು ಕೈ ತಂತಾನೇ ಅದುರುತ್ತಿತ್ತು. ಥರ್ಮಾಮೀಟರನ್ನು ಕಂಕುಳಲ್ಲಿಟ್ಟೆ. ನೂರಾ ಆರು ಡಿಗ್ರಿ ದಾಟಿತ್ತು. ಹಣೆಯ ಮೇಲೆ ಮೂರು ಗೆರೆಗಳು ಬೆಳ್ಳಗೆ, ನೆಟ್ಟಗೆ, ಒಂದಿಷ್ಟೂ ಕದಡದೆ ಇದ್ದವು. ಇಂದಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ಆ ಮೂರು ಗೆರೆಗಳೇ.

"ಕಂಬಳಿ ತೆಗೀರಿ. ಬಾಗಿಲು ತೆರೀರಿ. ತಣ್ಣೀರು ತನ್ನಿ" ಎಂದೆ.

ಗುರುಮಲ್ಲಮ್ಮ ಎರಡೂ ಕೈ ಚಾಚಿ ಅಡ್ಡ ಕೂತರು. "ಜ್ವರ ಬಂದ ಮಗೀಗೆ ತಣ್ಣೀರಾ? ಸನ್ನಿ ಹಿಡಿಸಿ ಕೊಲ್ತೀರಾ? ಬೆಳಿಗ್ಗೆ ಒಂದ್ ಏಳ್ತೀರಿ, ಮಧ್ಯಾಹ್ನಕ್ಕೆ ಒಂದ್ ಏಳ್ತೀರಿ. ಯಾವ್ದನ್ನ ನಂಬಾನ ನಾವು?"

"ಬೆಳಿಗ್ಗೆ ನಾನು ಹೇಳಿದ್ದು ತಪ್ಪು ಅಮ್ಮ."

"ಹಲ್ಲಿನ ಡಾಕ್ಟ್ರು ನೀವು. ಹಲ್ಲು ನೋಡ್ಕಳಿ."

ವಾದ ಮಾಡುವ ಸಮಯವಿರಲಿಲ್ಲ. ಅವರನ್ನು ತಳ್ಳಿ ಕಂಬಳಿ ಕಿತ್ತುಕೊಳ್ಳಬಹುದಿತ್ತು. ಆದರೆ ನಾನು ಹೋದ ಮರುಗಳಿಗೆ ಅದು ಮತ್ತೆ ಹುಡುಗನ ಮೇಲಿರುತ್ತಿತ್ತು. ಮೊಣಕಾಲೂರಿ ಕೂತೆ. "ಅಮ್ಮ, ಎರಡು ಕಂಬಳಿ ಹೊದಿಸಿದ್ದೀರಿ. ಕೆಂಡ ಇಟ್ಟಿದ್ದೀರಿ. ಕಷಾಯ ಕುಡಿಸಿದ್ದೀರಿ. ನಿಮ್ಮ ಇಬೂತಿ ಕರಗಿಹೋಗಿದೆ. ಮಗುವಿನ ಕಂಕುಳಲ್ಲಿ ಕೈ ಇಟ್ಟು ನೋಡಿ. ಒಂದು ತೊಟ್ಟು ಬೆವರಿದ್ದರೆ ನಾನು ಎದ್ದು ಹೋಗುತ್ತೇನೆ."

ಅವರು ಕೈ ಒಳಗೆ ಹಾಕಿದರು. ಹೊರಗೆ ತೆಗೆದು ಅಂಗೈ ನೋಡಿಕೊಂಡರು. ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರು. ಮತ್ತೆ ತಮ್ಮ ಹಣೆ ಮುಟ್ಟಿ, ಆ ಒದ್ದೆ ಬೆರಳನ್ನು ನೋಡಿದರು.

"ಇವನ ಮೈಯಲ್ಲಿ ಬೆವರೇ ಇಲ್ಲ ಅಮ್ಮ. ಹಲ್ಲು ಹುಟ್ಟದ ಹಾಗೆ ಅದೂ ಹುಟ್ಟಿಲ್ಲ. ಶಾಖ ಹೊರಗೆ ಬರೋಕೆ ದಾರಿ ಇಲ್ಲ."

ಕಂಬಳಿಗಳನ್ನು ಎಳೆದು ನಡುಮನೆಗೆ ಎಸೆದವರು ಗುರುಮಲ್ಲಮ್ಮನೇ. "ಸುಂದ್ರೀ, ಹಂಡೆ ನೀರು ತಾ. ಬಾಗ್ಲು ತೆಗಿಯೇ!" ಎಂದು ಕೂಗಿದರು. ಹುಡುಗನನ್ನು ಗಾಳಿ ಬರುವ ಪಡಸಾಲೆಗೆ ತಂದೆವು. ಪಂಚೆಯನ್ನು ನೀರಿನಲ್ಲಿ ಅದ್ದಿ ಮೈಗೆಲ್ಲ ಸುತ್ತಿದೆ. ಸುಂದ್ರಮ್ಮ ಮೊರದಿಂದ ಬೀಸತೊಡಗಿದರು. ಒದ್ದೆ ಬಟ್ಟೆಗೆ ಗಾಳಿ ತಾಗಿದರೆ, ಬೆವರು ಮಾಡಬೇಕಾದ ಕೆಲಸವನ್ನು ನೀರು ಮಾಡುತ್ತದೆ. ಬಟ್ಟೆ ಬೆಚ್ಚಗಾದಂತೆ ಮತ್ತೆ ಮತ್ತೆ ಅದ್ದಿದೆವು. ಪರಿಚಯದ ವೈದ್ಯರೊಬ್ಬರಿಗೆ ಸೋಡಾ ಅಂಗಡಿಯ ಸಾಬರ ಕೈಯಲ್ಲಿ ಚೀಟಿ ಕಳಿಸಿದೆ.

ಕಾಲು ಗಂಟೆಯಲ್ಲಿ ಕೈ ಅದುರುವುದು ನಿಂತಿತು. ಅದು ಒಳ್ಳೆಯದೋ ಕೆಟ್ಟದೋ ನನಗೆ ತಿಳಿಯಲಿಲ್ಲ. ನಾಡಿ ಹಿಡಿದೇ ಕೂತಿದ್ದೆ. ಮೂರೂಕಾಲಕ್ಕೆ ನೂರಾ ನಾಲ್ಕು. ನಾಲ್ಕು ಗಂಟೆಗೆ ನೂರಾ ಎರಡು. ನೀರು ಹಣೆಗೆ ಸುರಿದಾಗ ವಿಭೂತಿ ಕರಗಿ ಮೂಗಿನ ಪಕ್ಕದಲ್ಲಿ ಇಳಿಯಿತು. ಗುರುಮಲ್ಲಮ್ಮ ಅದನ್ನು ಒರೆಸಲಿಲ್ಲ, ನೋಡುತ್ತಿದ್ದರು.

ನಾಲ್ಕೂಕಾಲಕ್ಕೆ ಹುಡುಗ ಕಣ್ಣು ತಿರುಗಿಸಿ, "ಅಜ್ಜೀ, ಚಳಿ" ಎಂದ.

ನಾನು ಎದ್ದು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತೆ.

ಐದರ ಹೊತ್ತಿಗೆ ವೈದ್ಯರು ಬಂದು ಪರೀಕ್ಷಿಸಿ, ಹೀಗೇ ಮುಂದುವರಿಸಿ ಎಂದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದರು: "ಇನ್ನು ಅರ್ಧ ಗಂಟೆ ತಡವಾಗಿದ್ದರೆ ನನ್ನನ್ನು ಕರೆಸುವ ಅಗತ್ಯ ಇರುತ್ತಿರಲಿಲ್ಲ."

ಅವರು ಹೋದ ಮೇಲೆ ಗುರುಮಲ್ಲಮ್ಮ ನನ್ನ ಪಕ್ಕದಲ್ಲಿ ಜಗಲಿಯ ಮೇಲೆ ಬಂದು ಕೂತರು. ಆಮೇಲೆ ಕೇಳಿದರು: "ಇದು ತಾಯಿ ಕಡೆಯಿಂದ ಬರ್ತದೆ ಅಂದ್ರಲ್ಲ ಅವತ್ತು?"

"ಹೌದು."

"ಸುಂದ್ರಿಗೆ ಮುಂಚೆ ನನ್ಗೊಬ್ಬ ಮಗ ಇದ್ದ. ನಂಜುಂಡ ಅಂತ. ಮೂರು ವರ್ಷ. ಅವನ್ಗೂ ಮೂರೇ ಹಲ್ಲು, ಹಿಂಗೇ ಮೊನೆ ಮೊನೆ. ಶಿವರಾತ್ರಿ ಕಳೆದ ಬೇಸಗೇಲಿ ಜ್ವರ ಬಂತು." ಅವರು ತಮ್ಮ ಅಂಗೈ ನೋಡಿಕೊಂಡರು. "ನಾಕು ಕಂಬಳಿ ಹೊದ್ಸಿದ್ದೆ ಡಾಕ್ಟ್ರೇ. ಬೆವರು ಬುಡ್ಲಿ ಅಂತ ನಾನೇ ಒತ್ತಿ ಹಿಡ್ಕೊಂಡಿದ್ದೆ."

ಅವರು ಕೇಳದೆ ಬಿಟ್ಟ ಪ್ರಶ್ನೆ ನನಗೆ ಅರ್ಥವಾಯಿತು. ಅದು ಬೇರೆ ಜ್ವರವಿರಬಹುದು, ಯಾರಿಗೆ ಗೊತ್ತು ಎಂದು ಹೇಳಬಹುದಿತ್ತು. ಆ ಹೆಂಗಸು ಬದುಕಿಡೀ ತಕ್ಕಡಿ ಹಿಡಿದವರು. ಸುಳ್ಳು ತೂಕ ತಕ್ಷಣ ಗೊತ್ತಾಗುತ್ತಿತ್ತು.

"ಅಮ್ಮ, ಆಗ ನಿಮಗೆ ಎಷ್ಟು ವಯಸ್ಸು?"

"ಹದಿನೆಂಟೋ ಹತ್ತೊಂಬತ್ತೋ."

"ನಿಮಗೆ ಹೇಳುವವರು ಯಾರೂ ಇರಲಿಲ್ಲ. ನಾನು ಐದು ವರ್ಷ ಕಾಲೇಜಿನಲ್ಲಿ ಓದಿದ್ದೇನೆ. ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ನಾನೂ ಇವತ್ತು ಹೊದಿಸಿ ಎಂದೇ ಹೇಳಿದೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನೀವು ಓಡ್ಕೊಂಡು ಬಂದ್ರಲ್ಲ" ಎಂದರು. "ಅವತ್ತು ಯಾರೂ ಬರ್ಲಿಲ್ಲ."

ಮೇ ತಿಂಗಳಲ್ಲಿ ಕಟ್ಟುಹಲ್ಲು ಸಿದ್ಧವಾಯಿತು. ಬೆಳಗ್ಗೆ ಎಂಟಕ್ಕೇ, ಬಿಸಿಲೇರುವ ಮೊದಲು ಅವರನ್ನು ಕರೆಸಿಕೊಂಡೆ. ಗೂಟದ ಹಲ್ಲುಗಳನ್ನು ಕೀಳಲಿಲ್ಲ. ಮೇಲೆ ಅಕ್ರಿಲಿಕ್‌ನ ಹಲ್ಲಿನಾಕಾರದ ಟೋಪಿ ಹಾಕಿ ಉಳಿಸಿಕೊಂಡೆ. ಹಲ್ಲಿದ್ದ ಕಡೆ ಮಾತ್ರ ದವಡೆ ಮೂಳೆ ಸವೆಯದೆ ನಿಲ್ಲುತ್ತದೆ. ಮಾದೇವ ಕನ್ನಡಿ ನೋಡಿ ಮೊದಲು ಹೆದರಿದ, ಆಮೇಲೆ ಕಡಲೆಪುರಿ ಕೇಳಿದ. ಶಾಲೆಯ ಹೆಡ್‌ಮಾಸ್ಟರಿಗೆ ನಾನು ಪತ್ರ ಬರೆದುಕೊಟ್ಟೆ: ಹುಡುಗನನ್ನು ಕಿಟಕಿಯ ಪಕ್ಕ ಕೂರಿಸಬೇಕು, ಬಿಸಿಲಿನಲ್ಲಿ ಡ್ರಿಲ್ ಮಾಡಿಸಬಾರದು, ಅಂಗಿ ಒದ್ದೆ ಮಾಡಿಕೊಂಡರೆ ಹೊಡೆಯಬಾರದು. ಜುಲೈನಲ್ಲಿ ಅಜ್ಜಿ ಬಂದು ದೂರು ಹೇಳಿದರು. ಇವನು ತರಗತಿಯಲ್ಲಿ ಹಲ್ಲಿನ ಸೆಟ್ಟು ಕಳಚಿ ತೋರಿಸಲು ಒಂದು ಸಲಕ್ಕೆ ಅರ್ಧ ಸೀಬೆಹಣ್ಣು ವಸೂಲು ಮಾಡುತ್ತಿದ್ದನಂತೆ. ಬೆಕ್ಕು ಎಂದು ಈಗ ಯಾರೂ ಕರೆಯುತ್ತಿರಲಿಲ್ಲ.

ಕೇಸನ್ನು ಆ ವರ್ಷದ ಕೊನೆಯಲ್ಲಿ ಬೆಂಗಳೂರಿನ ಸಭೆಯಲ್ಲಿ ಓದಿದೆ. ರೋಗನಿರ್ಣಯ ಹೇಗೆ ಮಾಡಿದಿರಿ ಎಂದು ಹಿರಿಯರೊಬ್ಬರು ಕೇಳಿದರು. ನಮ್ಮ ಆಯಾ ಟವಲು ಒಗೆಯುವಾಗ ಮಾಡಿದರು ಎಂದೆ. ಸಭೆ ನಕ್ಕಿತು. ನಾನು ತಮಾಷೆಗೆ ಹೇಳಿರಲಿಲ್ಲ. ಊರಿಗೆ ಬಂದು ನಿಂಗಮ್ಮನಿಗೆ ಇದನ್ನು ಹೇಳಿದಾಗ ಅವರು, "ಅಯ್ಯೋ, ನಾನೇನ್ ಕಂಡೆ ಬುಡಿ. ಒಗೆಯೋದು ಒಂದ್ ಕಮ್ಮಿ ಆಯ್ತಲ್ಲ ಅಂತ ಏಳ್ದೆ, ಅಷ್ಟೇಯ" ಎಂದರು.

ಆ ದಿನ ನಿಂಗಮ್ಮ ರಜೆಯಲ್ಲಿದ್ದಿದ್ದರೆ? ಒಗೆಯುವ ಕೆಲಸವನ್ನು ಸಂಜೆಗೆ ಇಟ್ಟುಕೊಂಡಿದ್ದರೆ? ಕೊಕ್ಕೆಯ ಮೇಲೆ ಬೇರೊಂದು ಒದ್ದೆ ಟವಲು ಇದರ ಮೇಲೆ ಬಿದ್ದಿದ್ದರೆ? ನಿವೃತ್ತನಾಗಿ ಇಷ್ಟು ವರ್ಷವಾದ ಮೇಲೂ ಈ ಲೆಕ್ಕ ತಲೆಯಲ್ಲಿ ಓಡುತ್ತದೆ. ಪ್ರತಿ ಸಲವೂ ನಾನು ಆ ಗಲ್ಲಿಯಲ್ಲಿ ಸೈಕಲ್ ತುಳಿಯುತ್ತಲೇ ಇರುತ್ತೇನೆ, ಹಸಿರು ಬಾಗಿಲು ಸಿಗುವುದಿಲ್ಲ.

ವೃತ್ತಿ ನನಗೆ ಕಲಿಸಿದ್ದು ಇಷ್ಟು. ಹಲ್ಲು ಬಾಯಲ್ಲಿರುತ್ತದೆ, ಬಾಯಿ ಒಂದು ಮೈಯಲ್ಲಿರುತ್ತದೆ. ಆ ಮೈಯನ್ನು ಮುಟ್ಟದೆ 'ಸಾಮಾನ್ಯ ಆರೋಗ್ಯ' ಅಂಕಣದಲ್ಲಿ 'ಚೆನ್ನಾಗಿದೆ' ಎಂದು ನಾನು ಆಮೇಲೆ ಎಂದೂ ಬರೆಯಲಿಲ್ಲ. ಮನೆಯಲ್ಲಿ ಕಲಿತ ಮಾತನ್ನು ಬಿಳಿ ಕೋಟಿನಲ್ಲಿ ನಿಂತು ಆಡುವ ಮುನ್ನ ಒಂದು ಕ್ಷಣ ತಡೆಯುವುದನ್ನೂ ಕಲಿತೆ.

ಮರುವರ್ಷದ ಏಪ್ರಿಲ್‌ನಲ್ಲಿ ಅಜ್ಜಿ ಮೊಮ್ಮಗ ಹಲ್ಲು ಸರಿಮಾಡಿಸಲು ಬಂದರು. ಹುಡುಗನ ತಲೆಯ ಮೇಲೆ ನೀರು ತೊಟ್ಟಿಕ್ಕುವ ಪಂಚೆಯ ತುಂಡು. ಅಜ್ಜಿಯ ಕೈಯಲ್ಲಿ ತಂಬಿಗೆ. ವಿಭೂತಿ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕೆನ್ನೆಗೆ ಕೆಸರಿನಂತೆ ಹರಿದಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಗುರುಮಲ್ಲಮ್ಮ ಸೊಂಟದ ಚೀಲದಿಂದ ವಿಭೂತಿಯ ಗಟ್ಟಿ ತೆಗೆದರು.

"ಏನ್ ಮಾಡಾನ ಡಾಕ್ಟ್ರೇ, ದಿನಕ್ಕೆ ನಾಕ್ ಸಲ ಹಚ್ಬೇಕು ಈಗ" ಎಂದರು. "ನಿಲ್ಲೋದೇ ಇಲ್ಲ."